ಕುರ್ಚಿಗೆ ಬೇರು ಬಿಟ್ಟ ವರ

ಚಿಕ್ಕೋಡಿ ಕೋರ್ಟಿನಲ್ಲಿ ನನ್ನಷ್ಟು ವಿನಯವಂತ ವಕೀಲ ಇನ್ನೊಬ್ಬನಿಲ್ಲ ಎಂದು ಹೆಸರಿದೆ. ನ್ಯಾಯಾಧೀಶರು ಒಳಗೆ ಬರುವ ಮೊದಲೇ ನಾನು ಎದ್ದು ನಿಂತಿರುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬೇರೆಯವರಿಗೆ ಬಿಟ್ಟುಕೊಟ್ಟು ನಿಲ್ಲುತ್ತೇನೆ. ಅದೇ ನಾನು, ಜುಗೂಳದ ಪಾರಿಸ, ಹೆಣ್ಣು ನೋಡಲು ಶೇಡಬಾಳಕ್ಕೆ ಹೋದ ದಿನ ಸೊಕ್ಕಿನ ಮನುಷ್ಯ ಎನಿಸಿಕೊಂಡು ಬಂದೆ. ವಿನಯಕ್ಕೂ ಸೊಕ್ಕಿಗೂ ಕಾರಣ ಒಂದೇ, ನನ್ನ ಬೆನ್ನು.

ಅವತ್ತು ಬೆಳಿಗ್ಗೆ ಹುಡುಗಿಯ ಅಪ್ಪ ಬಾಳಾಸಾಬರ ಪಡಸಾಲೆಯಲ್ಲಿ ಅವ್ವ, ಜಯಪಾಲ ಮಾವ ಮತ್ತು ನಾನು ಕೂತಿದ್ದೆವು. ದ್ರಾಕ್ಷಿಯ ರೇಟು, ಹಿಂಗಾರು ಮಳೆ, ಯಾರ ಮಗ ಯಾರ ಅಳಿಯ ಎಂಬ ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ. ನನ್ನ ಬೆನ್ನಿನ ಸ್ವಭಾವ ಉಲ್ಟಾ. ಓಡಾಡಿದರೆ ಸಡಿಲವಾಗುತ್ತದೆ, ಸುಮ್ಮನೆ ಕೂತರೆ ಸೆಟೆದುಕೊಳ್ಳುತ್ತದೆ. ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರೋಣವೆಂದರೆ ಅವ್ವನ ಕಣ್ಣು ನನ್ನ ಮೇಲೇ ಇತ್ತು. ಹೊರಡುವಾಗ ಅವಳು ಆಣೆ ಹಾಕಿಸಿದ್ದಳು.

"ಲಗ್ನ ಆಗೂತನಕ ಬ್ಯಾನಿ ಸುದ್ದಿ ಬಾಯಾಗ ತಗೀಬ್ಯಾಡ ನೋಡಪಾ. ಕುಂತ ಕಡೆ ಸುಮ್ನ ಕುಂಡ್ರು."

ಕೂತೆ. ಆಗ ಹುಡುಗಿ, ಪೂನಮ, ಅವಲಕ್ಕಿ ಪೋಹೆಯ ತಟ್ಟೆಗಳನ್ನು ಹಿಡಿದು ಬಂದಳು.

ಎಲ್ಲರಿಗೂ ತಲೆ ತಗ್ಗಿಸಿಯೇ ಕೊಟ್ಟಳು. ನನ್ನ ಮುಂದೆ ಬಂದಾಗ ಮಾತ್ರ ಕಣ್ಣೆತ್ತಿದಳು. ಸಂತೆಯಲ್ಲಿ ಬದನೆಕಾಯಿ ಆರಿಸುವವರು ತಿರುಗಿಸಿ ಮುರುಗಿಸಿ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿದಳು. ಎಡ ಹುಬ್ಬಿನ ತುದಿಯಲ್ಲಿ ಸಣ್ಣದೊಂದು ಗಾಯದ ಕಲೆ. ಆ ಹುಬ್ಬು ಒಂದಿಷ್ಟು ಮೇಲೇರಿತು, ತುಟಿಯ ಕೊನೆಯಲ್ಲಿ ನಗು ಬಂದು ಅಲ್ಲೇ ನಿಂತಿತು. ಬದನೆಕಾಯಿ ಪಾಸಾಯಿತು ಎಂದುಕೊಂಡೆ.

ಅಷ್ಟರಲ್ಲಿ ಒಳಗಿನಿಂದ ಕೋಲೂರಿಕೊಂಡು ಅವಳ ಆಯಿ ಬಂದರು. ಸೋನಾಬಾಯಿ, ಬಾಳಾಸಾಬರ ತಾಯಿ, ಆ ಮನೆಯ ಹೈಕೋರ್ಟು. ಎಲ್ಲರೂ ದಡಬಡ ಎದ್ದು ಕೈ ಮುಗಿದು 'ಜೈ ಜಿನೇಂದ್ರ' ಎಂದರು. ನಾನೂ ಎದ್ದೆ, ಮನಸ್ಸಿನಲ್ಲಿ. ಸೊಂಟ ಏಳಲಿಲ್ಲ. ಕುರ್ಚಿಯ ಕೈ ಹಿಡಿದು ಒತ್ತಿದೆ, ಬೆವರು ಬಂತೇ ಹೊರತು ನಾನು ಮೇಲೆ ಬರಲಿಲ್ಲ. ಕೂತಲ್ಲಿಂದಲೇ ಕೈ ಮುಗಿದೆ.

ಆಯಿ ನನ್ನ ತಲೆಯಿಂದ ಪಾದದವರೆಗೆ ನೋಡಿ ಮುಖ ತಿರುಗಿಸಿದರು. ಖಾಲಿ ತಟ್ಟೆ ಎತ್ತಲು ಬಗ್ಗಿದ ಪೂನಮ ನನಗೊಬ್ಬನಿಗೇ ಕೇಳುವಂತೆ ಅಂದಳು.

"ಏನ್ ವಕೀಲ್ರ, ಕುರ್ಚಿಗೆ ಬೇರ ಬಿಟ್ಟೀರೇನು?"

ನಗು ಬಂತು. ಜೊತೆಗೇ ಅಳುವೂ ಬಂತು. ಸಂಜೆಯ ಹೊತ್ತಿಗೆ ಜಯಪಾಲ ಮಾವನ ಫೋನಿಗೆ ಉತ್ತರ ಬಂದಿತ್ತು. ಹಿರಿಯರಿಗೆ ಎದ್ದು ನಿಲ್ಲದ ಹುಡುಗ ತಮಗೆ ಬೇಡವಂತೆ.

*

ಕೃಷ್ಣೆಯಲ್ಲಿ ಮೊಸಳೆಗಳಿವೆ. ಹಾಗಾಗಿ ನಾನು ಈಜುವುದು ನಮ್ಮ ಹೊಲದ ಬಾವಿಯಲ್ಲಿ. ಈಜು ನನಗೆ ಮೋಜಲ್ಲ, ಮಿರಜಿನ ವಾತರೋಗದ ಡಾಕ್ಟರು ಬರೆದುಕೊಟ್ಟ ಔಷಧ. ನೀರಿನಲ್ಲಿ ನನಗೆ ಭಾರವೇ ಇಲ್ಲ. ಬೆನ್ನು ಅಲ್ಲಿ ಹೇಳಿದ ಮಾತು ಕೇಳುತ್ತದೆ.

ಸಂಬಂಧ ಮುರಿದು ಕೆಲವು ದಿನ ಕಳೆದಿದ್ದವು. ಒಂದು ಬೆಳಿಗ್ಗೆ ಮುಳುಗಿ ಮೇಲೆದ್ದಾಗ ಬಾವಿಯ ಮೆಟ್ಟಿಲ ತುದಿಯಲ್ಲಿ ಒಂದು ಹಳದಿ ಓಢಣಿ ಕಂಡಿತು.

"ಓಹೋಹೋ! ಇಲ್ಲಿ ಚಲೋ ಬಾಗತೈತಲ್ರಿ ಬೆನ್ನ! ನಮ್ಮ ಆಯಿ ಮುಂದ ಅಷ್ಟ ಬಾಗೂದಿಲ್ಲ!"

ನೀರು ಕುಡಿದೆ. ಕೆಮ್ಮಿದೆ. "ನೀವು... ಇಲ್ಲಿ ಹೆಂಗ?"

"ಬಾಜೂ ಹೊಲಾ ನಮ್ಮ ಅತ್ತೀದು. ಹಬ್ಬಕ್ಕ ಬಂದೇನಿ. ಮೀನ ಎಗರಿದಂಗ ಎಗರಾಕತ್ತಿದ್ರಿ, ನೋಡಕೋತ ನಿಂತೆ."

"ಆ ಟವೆಲ್ ಒಂದೀಟ ಒಗೀರಿ."

ಪೂನಮ ಕಲ್ಲಿನ ಮೇಲಿದ್ದ ನನ್ನ ಟವೆಲ್ ಎತ್ತಿಕೊಂಡಳು. ಒಗೆಯಲಿಲ್ಲ, ಮಡಿಲಲ್ಲಿಟ್ಟುಕೊಂಡು ಆರಾಮಾಗಿ ಕೂತಳು.

"ಮದಲ ಜವಾಬ. ಆಮ್ಯಾಲ ಟವೆಲ್."

ಕೋರ್ಟಿನಲ್ಲಿ ಎಷ್ಟೋ ಸಾಕ್ಷಿಗಳನ್ನು ಕಟಕಟೆಯಲ್ಲಿ ಬೆವರಿಸಿದವನು ನಾನು. ಎದೆಮಟ್ಟ ನೀರಿನಲ್ಲಿ ನಿಂತು, ಹಳದಿ ಓಢಣಿಯ ಹುಡುಗಿಯೊಬ್ಬಳ ಮುಂದೆ ತೊದಲಿದೆ. ಅವ್ವನ ಆಣೆ ನೆನಪಾಯಿತು. ಆದರೆ ಆ ಹುಬ್ಬು ಮತ್ತೆ ಮೇಲೇರಿತ್ತು.

"ಅದಕ್ಕ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂತಾರ್ರಿ."

"ಯಾವ ಊರಿನ ಗಾಡೀನ್ರಿ ಅದು?"

"ಬ್ಯಾನಿ ಹೆಸರ್ರಿ. ಬೆನ್ನಹುರಿ ಕೀಲಿನಾಗ ಉರಿ ಇರತೈತಿ. ಕುಂತರ ಹಿಡಕೋತೈತಿ. ಅವತ್ತ ನಾ ಎದ್ದಿಲ್ಲ ಅಂತಲ್ಲ, ಏಳಾಕ ಬರಲಿಲ್ಲ."

"ವಕೀಲರ ಮಾತ. ಸಾಕ್ಷಿ ಏನೈತಿ?"

ಮೆಟ್ಟಿಲು ಹತ್ತಿ ಬಂದೆ. ಒದ್ದೆ ಬನಿಯನ್ನು, ಒದ್ದೆ ಚಡ್ಡಿ, ನಾಚಿಕೆಯಿಂದ ಕೆಂಪಾದ ಕಿವಿ. ನನ್ನ ಪಾದ ಮುಟ್ಟಲು ಬಗ್ಗಿದೆ. ಬೆರಳು ಮೊಣಕಾಲಿನ ಹತ್ತಿರ ನಿಂತವು. ಇನ್ನೂ ಒತ್ತಿದೆ, ಹಲ್ಲು ಕಚ್ಚಿದೆ. ಅಲ್ಲಿಂದ ಮುಂದೆ ಒಂದು ಬೆರಳೂ ಕದಲಲಿಲ್ಲ.

ಅವಳ ಮುಖದ ತುಂಟತನ ಮೆಲ್ಲಗೆ ಇಳಿಯಿತು. ಎದ್ದು ಬಂದು ಟವೆಲ್ಲನ್ನು ನನ್ನ ಹೆಗಲ ಮೇಲೆ ಹಾಕಿದಳು. ಅವಳ ಬೆರಳು ಕುತ್ತಿಗೆಗೆ ತಾಗಿತೋ ಇಲ್ಲವೋ, ಅಷ್ಟಕ್ಕೇ ನಾನು ಕರಗಿಹೋದೆ.

"ನೋಯತೈತೇನ್ರಿ?"

"ಈಗ ಇಲ್ರಿ," ಅಂದೆ. ಆ ಗಳಿಗೆಗೆ ಅದು ಸತ್ಯವೇ ಆಗಿತ್ತು.

"ಮತ್ತ ಅವತ್ತ ಬಾಯಿ ಬಿಟ್ಟ ಹೇಳಾಕ ಏನಾಗಿತ್ತು?"

"ಹೇಳಿದ್ರ ಹೆಣ್ಣ ಕೊಡ್ತಿದ್ರೇನ್ರಿ?"

"ಹೇಳಲಿಲ್ಲ, ಆದ್ರೂ ಕೊಡಲಿಲ್ಲಲ್ರಿ!" ಗಲಗಲ ನಕ್ಕಳು. ಬಾವಿಯ ಗೋಡೆಯ ಬಿಲದಲ್ಲಿದ್ದ ಪಾರಿವಾಳಗಳು ಪಟಪಟ ಹಾರಿದವು. "ವಿಚಾರಣೆ ಇನ್ನೂ ಮುಗಿದಿಲ್ಲ. ನಂಬರ್ ಕೊಡ್ರಿ."

*

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಫೋನು ಜೇಬಿನಲ್ಲಿ ಗುಂಯ್ ಎಂದರೆ ಕೋರ್ಟು, ಕಕ್ಷಿದಾರ ಎಲ್ಲ ಮರೆತುಹೋಗುತ್ತಿತ್ತು. 'ಬೇರು ಬಿಟ್ಟೀರೋ, ಅಡ್ಡಾಡಾಕತ್ತೀರೋ?' ಎಂದು ಬರೆಯುತ್ತಿದ್ದಳು. ನಾನು ಎದ್ದು ಬೇವಿನ ಮರ ಸುತ್ತಿ ಬಂದು, ಆ ಮರದ ಫೋಟೋ ಕಳಿಸುತ್ತಿದ್ದೆ. ಅವಳು ತೋಟದ ದ್ರಾಕ್ಷಿ ಗೊನೆಯ ಫೋಟೋ ಕಳಿಸುತ್ತಿದ್ದಳು. ಸಾಸಿವೆಯಷ್ಟಿದ್ದ ಕಾಯಿ ಕಡಲೆಯಷ್ಟಾದುದನ್ನು ನಾನು ನೋಡಿದ್ದು ಫೋನಿನಲ್ಲೇ.

ಮನೆಯಲ್ಲಿ ಅವಳು ಒಂದೇ ಹಟ ಹಿಡಿದಳು. ಅವತ್ತು ಆ ಹುಡುಗನ ಕಾಲಿಗೆ ಜೋಮು ಹಿಡಿದಿತ್ತಂತೆ, ಮದುವೆಯಾದರೆ ಅವನನ್ನೇ, ಇಲ್ಲವಾದರೆ ಯಾರೂ ಬೇಡ. ಬಾಳಾಸಾಬರು ಗೊಣಗಿದರು, ಆಯಿ 'ಹಾಂ' ಎಂದೂ ಅನ್ನಲಿಲ್ಲ, 'ಊಹೂಂ' ಎಂದೂ ಅನ್ನಲಿಲ್ಲ. ಕೊನೆಗೆ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಸಾಖರಪುಡಾ ಎಂದು ನಿಶ್ಚಯವಾಯಿತು. ಈ ಕಡೆ ನಿಶ್ಚಿತಾರ್ಥಕ್ಕೆ ಹಾಗೇ ಅನ್ನುತ್ತೇವೆ, ಸಕ್ಕರೆ ಪೊಟ್ಟಣ ಕೊಟ್ಟು ಮಾತು ಗಟ್ಟಿ ಮಾಡುವುದು.

ಆಗ ಚಳಿ ಬಂತು. ಚಳಿಯ ಬೆನ್ನಿಗೇ ನನ್ನ ರೋಗ ಕೆರಳಿತು.

ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಒಂದು ಯುದ್ಧವಾಯಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ನೋವಿನ ಹಿಂದೆ ಇನ್ನೊಂದು ಬರುತ್ತದೆ, ಅದನ್ನು ತಡೆಯುವುದು ಕಷ್ಟ. ಯಾವುದೂ ಬೇಡ ಅನಿಸುತ್ತದೆ. ಊಟ, ಮಾತು, ಬೆಳಕು, ಯಾವುದೂ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಒಂದೇ ಯೋಚನೆ. ಇಂಥ ಹೆಣದಂಥವನಿಗೆ ಆ ನಗುವ ಹುಡುಗಿಯನ್ನು ಕಟ್ಟುವುದು ಅನ್ಯಾಯ.

ಬೆನ್ನಿನ ವಿಷಯ ಪೂನಮಳಿಗೆ ಹೇಳಿದ್ದೆ. ಇದನ್ನು ಹೇಳಿರಲಿಲ್ಲ. ಹಿಂದೆ ರೋಗಕ್ಕೆ ಹೆಸರೇ ಸಿಗದ ವರ್ಷಗಳಲ್ಲಿ ಊರೆಲ್ಲ ನನ್ನನ್ನು ಸೋಮಾರಿ ಅಂದಿತ್ತು, ನಾನೂ ಅದನ್ನೇ ನಂಬಿದ್ದೆ. ಕೊನೆಗೆ ಮಿರಜಿನ ಡಾಕ್ಟರು ರೋಗ ಹಿಡಿದರು. ಆ ಡಾಕ್ಟರಮ್ಮ ಬೆನ್ನು ತಟ್ಟಿ ನೋಡಿ ಆದಮೇಲೆ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದ್ದರು, "ಮನಸ ಹೆಂಗೈತಿ?" ಅದುವರೆಗೆ ಯಾರೂ ಕೇಳದ ಪ್ರಶ್ನೆ. ಅವರ ಟೇಬಲ್ಲಿನ ಮೇಲೆ ತಲೆಯಿಟ್ಟು ಹೋ ಎಂದು ಅತ್ತಿದ್ದೆ. ಈ ಜಾತಿಯ ವಾತ ಇರುವ ಬಹಳ ಜನರಿಗೆ ಮನಸ್ಸೂ ಕುಸಿಯುತ್ತದೆ, ಅದಕ್ಕೂ ಔಷಧ ಇದೆ ಎಂದು ಮನೋವೈದ್ಯರ ಹತ್ತಿರ ಕಳಿಸಿದ್ದರು. ಅಂದಿನಿಂದ ಬೆನ್ನಿಗೆ ಇಂಜೆಕ್ಷನ್, ಮನಸ್ಸಿಗೆ ಗುಳಿಗೆ. ಇಂಜೆಕ್ಷನ್ ಅವ್ವನಿಗೆ ಗೊತ್ತು. ಗುಳಿಗೆ ಯಾರಿಗೂ ಗೊತ್ತಿಲ್ಲ.

ಫೋನು ಗುಂಯ್ ಅನ್ನುತ್ತಲೇ ಇತ್ತು. 'ಬೇರು ಬಿಟ್ಟೀರೇನು?' 'ವಕೀಲ್ರ?' 'ಪಾರಿಸ, ಏನಾತು?' ಉತ್ತರ ಬರೆಯಲಿಲ್ಲ. ಅವಳ ಒಳ್ಳೆಯದಕ್ಕೇ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

*

ಒಂದು ಪ್ರಕರಣಕ್ಕೆ ಹೋಗಲೇಬೇಕಿತ್ತು. ಹೇಗೋ ಎದ್ದು ಚಿಕ್ಕೋಡಿಗೆ ಬಂದೆ. ಮಧ್ಯಾಹ್ನ ಕೋರ್ಟಿನ ಹೊರಗೆ, ಬೇವಿನ ಮರದ ಕೆಳಗೆ ಅವಳು ನಿಂತಿದ್ದಳು. ಬಸ್ಸಿನ ಧೂಳು ಮೆತ್ತಿದ ಕೂದಲು, ಬುಸುಗುಡುವ ಮೂಗು.

"ಈ ಗಿಡಾನ ಅಲ್ಲಾ ಫೋಟೋದಾಗಿಂದು? ಖರೇ ಐತಿ ಹಂಗಾರ. ನಾ ಎಲ್ಲಾ ಸುಳ್ಳ ಅನ್ಕೊಂಡಿದ್ನಿ."

ಅವಳನ್ನು ಕಂಡ ಕೂಡಲೇ ಒಳಗೆ ಏನೋ ಜಿಗಿಯಿತು. ದಿನಗಟ್ಟಲೆ ಸತ್ತಂತೆ ಬಿದ್ದಿದ್ದು ಜಿಗಿಯಿತು. ಅದಕ್ಕೇ ಹೆದರಿಕೆಯಾಯಿತು.

"ಪೂನಮ, ಈ ಸಂಬಂಧ ಬ್ಯಾಡ. ನಿಮಗ ಚಲೋ ಹುಡುಗ..."

"ನನಗ ಯಾರು ಚಲೋ ಅಂತ ನಿಮ್ಮನ್ನ ಕೇಳಿಲ್ಲ. ಯಾಕ ಫೋನ್ ಎತ್ತಲಿಲ್ಲ, ಅದನ್ನ ಹೇಳ್ರಿ."

ಚಹಾದಂಗಡಿಯವನು ಎರಡು ಕಪ್ ಇಟ್ಟು ಹೋದ. ನಿಂತುಕೊಂಡೇ ಎಲ್ಲ ಹೇಳಿದೆ. ಗೋಡೆ, ಕತ್ತಲೆ, ಡಾಕ್ಟರ ಪ್ರಶ್ನೆ, ಗುಳಿಗೆ. ಬೆನ್ನಿನ ಕಥೆ ಹೇಳುವಾಗ ನಾಲಿಗೆ ಇಷ್ಟು ಒಣಗಿರಲಿಲ್ಲ. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಕೇಳಿದಳು. ಚಹಾ ಆರಿತು, ಕೆನೆ ಕಟ್ಟಿತು.

"ಸಾಯಬೇಕು ಅನಸ್ತಿತ್ತೇನು?"

"ಹೌದು. ಒಂದ ಕಾಲಕ್ಕ ಅನಸ್ತಿತ್ತು. ಡಾಕ್ಟರ ಮುಂದ ಅದನ್ನೂ ಹೇಳೇನಿ."

"ಈಗ?"

"ಈಗ ಹಂಗ ಅನಸೂದಿಲ್ಲ. ಆದ್ರ ಈ ಸಲ ಚಳಿಗೆ ಮತ್ತ ಮಬ್ಬ ಕವಿದೈತಿ."

"ಗುಳಿಗಿ ತಗೋತೀರಿಲ್ಲೋ? ಡಾಕ್ಟರಿಗೆ ಫೋನ್ ಮಾಡೀರಿಲ್ಲೋ?"

ಫೋನ್ ಮಾಡಿಲ್ಲ ಎಂದು ತಲೆಯಾಡಿಸಿದೆ. ಅವಳು ಕಪ್ಪನ್ನು ಟಕ್ಕನೆ ಕೆಳಗಿಟ್ಟಳು.

"ಈಗ ಮಾಡ್ರಿ. ನನ್ನ ಮುಂದ."

ಮಾಡಿದೆ. ಮರುದಿನವೇ ಬರಲು ಹೇಳಿದರು. ಫೋನು ಜೇಬಿಗಿಟ್ಟು ತಿರುಗಿದರೆ ಪೂನಮಳ ಕಣ್ಣು ತುಂಬಿದ್ದವು.

"ನನಗ ಅಂಜಿಕಿ ಆಗೈತಿ," ಅಂದಳು. "ಸುಳ್ಳ ಯಾಕ ಹೇಳ್ಲಿ? ಆದ್ರ ಬಿಟ್ಟ ಓಡಿ ಹೋಗೂ ಅಂಥಾ ಅಂಜಿಕಿ ಅಲ್ಲ. ನೀವು ಮಾತ ಬಿಟ್ರಿ ನೋಡ್ರಿ, ಅದಕ್ಕ ಜಾಸ್ತಿ ಅಂಜಿಕಿ ಆತು. ಮಬ್ಬ ಕವಿದ ದಿನಾ 'ಮಬ್ಬ' ಅಂತ ಒಂದ ಅಕ್ಷರ ಬರೀರಿ. ಸಾಕು."

"ಮಬ್ಬ ಅಂದ್ರ ಎರಡಕ್ಷರ."

ಅಳುತ್ತಲೇ ನಕ್ಕಳು. ತೋಳಿಗೆ ಒಂದು ಗುದ್ದು ಕೊಟ್ಟಳು, ಗುದ್ದಿದ ಕೈಯನ್ನು ಅಲ್ಲೇ ಇಟ್ಟಳು. ಕೋರ್ಟಿನ ಗುಮಾಸ್ತರು, ಕಕ್ಷಿದಾರರು, ಚಹಾದವನು ಎಲ್ಲರೂ ನೋಡುತ್ತಿದ್ದರು. ನೋಡಿದರೆ ನೋಡಲಿ ಅನ್ನಿಸಿತು. ಎಷ್ಟೋ ದಿನಗಳ ನಂತರ ನನಗೆ ಹಸಿವಾಗಿತ್ತು.

*

ಸಾಖರಪುಡಾದ ದಿನ ಬಾಳಾಸಾಬರ ತೋಟದ ಮನೆಯ ಮುಂದೆ ಶಾಮಿಯಾನಾ. ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಿದ್ದರು, ಬೆನ್ನಿಗೂ ಮನಸ್ಸಿಗೂ ತುಸು ಬಿಸಿಲು ಬಿದ್ದಿತ್ತು. ಬೂದು ಬಣ್ಣದ ಸೂಟಿನಲ್ಲಿ ನಾನು, ಗಿಳಿಹಸಿರು ಸೀರೆಯಲ್ಲಿ ಅವಳು. ಪಕ್ಕದಲ್ಲಿ ಕೂತರೂ ನೋಡಬಾರದು, ಆದರೂ ಓರೆಗಣ್ಣಿಗೆ ಅವಳ ಬಳೆ ಕಾಣುತ್ತಿತ್ತು, ಅಂಗೈಯಲ್ಲಿ ಮೆಹಂದಿ ಕಾಣುತ್ತಿತ್ತು. ಅದರಲ್ಲಿ ಹೆಸರಿನ ಬದಲು ಒಂದು ಪುಟ್ಟ ಕುರ್ಚಿ ಬಿಡಿಸಿಕೊಂಡಿದ್ದಳು, ಕುರ್ಚಿಯ ಕಾಲಿಗೆ ಬೇರು! ನಗು ತಡೆಯಲು ನಾನು ಕೆಮ್ಮಬೇಕಾಯಿತು.

ಶಾಸ್ತ್ರ ಮುಗಿಯುವಂತೆ ಕಾಣಲಿಲ್ಲ. ಕೂತು ಕೂತು ಬೆನ್ನು ಬಿಗಿಯತೊಡಗಿತು. ನಾನು ಮುಖ ಕಿವುಚಿದ್ದನ್ನು ಅವಳು ನೋಡಿದಳು. ನೋಡಿದವಳೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಅಂದಳು.

"ಈಗ ವರ ಎದ್ದ ತೋಟ ಒಂದ ಸುತ್ತ ಹಾಕಬೇಕ್ರಿ. ನಮ್ಮ ಕಡೆ ಪದ್ಧತಿ ಐತಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಪದ್ಧತಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು ಯಾರು? "ಹೌದ ಹೌದ, ಹಿಂದಕ್ಕ ಇತ್ತು," ಎಂದು ಜಯಪಾಲ ಮಾವ ಗಂಭೀರವಾಗಿ ತಲೆಯಾಡಿಸಿದ. "ಹಿಂಗ ಬಲಕ್ಕ ಸುತ್ತಬೇಕು," ಎಂದು ಇನ್ನೊಬ್ಬರು ಸೇರಿಸಿದರು.

ಎದ್ದೆ, ಸುತ್ತಿ ಬಂದೆ, ಬೆನ್ನು ಬಿಟ್ಟಿತು. ಮತ್ತೆ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಬಾಯಿ ತೆರೆದಳು. ಎರಡನೇ ಸುತ್ತೂ ಪದ್ಧತಿ ಎನ್ನುತ್ತಾಳೆಂದು ಗೊತ್ತಾಯಿತು. ಪ್ರೀತಿ ಉಕ್ಕಿ ಬಂತು. ಅದರ ಜೊತೆ ಇನ್ನೊಂದೂ ಬಂತು. ಇನ್ನು ಜೀವನವಿಡೀ ನನ್ನ ಸಲುವಾಗಿ ಈ ಹುಡುಗಿ ಸುಳ್ಳು ಹೇಳುತ್ತಾ ಇರಬೇಕೇ?

"ಇದು ಪದ್ಧತಿ ಅಲ್ರಿ," ಅಂದೆ, ಎದ್ದು ನಿಂತು.

ಅವ್ವ ನನ್ನ ಕೋಟು ಹಿಡಿದು ಜಗ್ಗಿದಳು. ಪೂನಮ ಕಣ್ಣಲ್ಲೇ 'ಬ್ಯಾಡ' ಅಂದಳು. ಆದರೆ ಬಾಯಿ ಆಗಲೇ ಹೊರಟಿತ್ತು.

"ನನಗ ಬೆನ್ನಿನ ರೋಗ ಐತ್ರಿ. ಕುಂತರ ಹಿಡಕೋತೈತಿ. ಅವತ್ತ ಆಯಿ ಬಂದಾಗ ನಾ ಅದಕ್ಕ ಏಳಲಿಲ್ಲ. ಇದು ಪೂರಾ ಹೋಗೂ ರೋಗ ಅಲ್ಲ, ಔಷಧ ತಗೊಂಡ್ರ ಹತೋಟ್ಯಾಗ ಇರತೈತಿ. ಇನ್ನೊಂದ ಮಾತ. ಇದರ ಸಂಗಾಟ ನನ್ನ ಮನಸೂ ಕುಗ್ಗಿತ್ರಿ. ಅದಕ್ಕೂ ಗುಳಿಗಿ ತಗೋತೀನಿ. ನಮ್ಮವ್ವಗೂ ಇದು ಗೊತ್ತಿಲ್ಲ. ಇಷ್ಟ ಗೊತ್ತಾದ ಮ್ಯಾಲ ನೀವು ಸಕ್ಕರಿ ಕೊಡ್ತೀರಿ ಅಂದ್ರ ತಗೋತೀನಿ. ಇಲ್ಲಾ ಅಂದ್ರ ಸಿಟ್ಟಿಲ್ಲ."

ಅವ್ವನ ಕೈ ಕೋಟಿನಿಂದ ಜಾರಿ, ನನ್ನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಿತು.

ಬಾಳಾಸಾಬರು ಮಗಳ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನ?"

"ಎಲ್ಲಾ ಗೊತ್ತೈತಿ ಅಪ್ಪಾ."

"ಮುಂದ ಹೆಂಗವ್ವಾ?"

"ಡೌನಿ ರೋಗ ಬಂದ ವರ್ಸ ದ್ರಾಕ್ಷಿ ಬಳ್ಳಿ ಕಿತ್ತ ಒಗದ್ರೇನ್ ಅಪ್ಪಾ? ದಿನಾ ಹೋಗಿ ಎಲಿ ತಿರುವಿ ನೋಡಿ ಔಷಧ ಹೊಡದ್ರಿ. ಮರವರ್ಸ ಅದ ಬಳ್ಳಿ ಹಣ್ಣ ಕೊಡಲಿಲ್ಲೇನು?"

ಬಾಳಾಸಾಬರು ಮೀಸೆ ತಿಕ್ಕಿಕೊಂಡರು. "ವಕೀಲನ ಸಂಗ ಮಾಡಿ ವಾದ ಕಲ್ತಾಳ," ಎಂದು ಗೊಣಗಿ ತಾಯಿಯ ಮುಖ ನೋಡಿದರು. ಆ ಮನೆಯ ಕೊನೆಯ ತೀರ್ಪು ಅಲ್ಲೇ.

ಆಯಿ ಕೋಲೂರಿ ನನ್ನ ಮುಂದೆ ಬಂದು ನಿಂತರು. ನನಗೆ ಬಗ್ಗಲು ಬರುವುದಿಲ್ಲ, ಬಾಗಿದ ಅವರ ಬೆನ್ನಿಗೆ ನೆಟ್ಟಗಾಗಲು ಬರುವುದಿಲ್ಲ. ಅವರು ಕತ್ತು ಓರೆ ಮಾಡಿ ಮೇಲೆ ನೋಡಿದರು.

"ಮನಸಿಗೂ ಗುಳಿಗಿ ಇರತಾವೇನೋ?"

"ಇರತಾವ ಆಯಿ."

"ಮದಲ ಯಾರರೆ ಹೇಳಬಾರ್ದಾ? ಪೂನಮನ ಮುತ್ಯಾ ಹೋದಮ್ಯಾಲ ನಾ ಎಷ್ಟ ವರ್ಸ ನಿದ್ದಿ ಮಾಡಿಲ್ಲ, ಯಾರ ಮುಂದೂ ಬಾಯಿ ಬಿಟ್ಟಿಲ್ಲ." ಕೂಡಲೇ ಕೋಲಿನಿಂದ ನೆಲ ಕುಟ್ಟಿದರು. "ಅವತ್ತ ನನಗ ಎದ್ದ ನಿಂದರಲಿಲ್ಲ ಅಂತ ಸಿಟ್ಟಿತ್ತು. ಇವತ್ತ ನಿಂತೆಲ್ಲ, ಸಾಕು. ಬಾಳ್ಯಾ, ಸಕ್ಕರಿ ಕೊಡು."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಕ್ಕರೆಯ ಪೊಟ್ಟಣ ನನ್ನ ಕೈಗೆ ಬಂತು. ಪೂನಮ ಎಲ್ಲರ ಮುಂದೆಯೇ ಆ ಕೈಯನ್ನು ಹಿಡಿದುಕೊಂಡಳು.

"ನಡೀರಿ ಇನ್ನ, ಎರಡನೇ ಸುತ್ತ ಹಾಕೂನು," ಎಂದರು ಆಯಿ. "ಕುಂತ ಕುಂತ ನನ್ನ ಮೊಣಕಾಲೂ ಹಿಡದಾವ."

ಆಯಿ ಹೊರಟರೆ ಕೂತಿರುವವರು ಯಾರು? ರೇಷ್ಮೆ ಸೀರೆ, ಪೇಟಾ, ಗಾಂಧಿ ಟೋಪಿ, ಕೈಯಲ್ಲಿ ಅರ್ಧ ಕುಡಿದ ಚಹಾದ ಕಪ್ಪು, ಎಲ್ಲವೂ ದ್ರಾಕ್ಷಿಯ ಮಂಡಪದ ಕೆಳಗೆ ಸಾಲುಗಟ್ಟಿ ಹೊರಟವು. ತಲೆಯ ಮೇಲೆ ಜೇನು ಬಣ್ಣದ ಗೊನೆಗಳು ತೂಗುತ್ತಿದ್ದವು. ಪೂನಮ ಒಂದು ಹಣ್ಣು ಕಿತ್ತು ಯಾರಿಗೂ ಕಾಣದಂತೆ ನನ್ನ ಬಾಯಿಗಿಟ್ಟಳು. ಹಾಗೇ ಇಬ್ಬರೂ ಸಾಲಿನ ಕೊನೆಗೆ ಉಳಿದೆವು.

ಈಗ ಶೇಡಬಾಳದ ಕಡೆ ಯಾವ ಸಾಖರಪುಡಾಕ್ಕೆ ಹೋದರೂ ನನಗೆ ನಗು ಬರುತ್ತದೆ. ಬೆನ್ನು ಗಟ್ಟಿಮುಟ್ಟಾಗಿರುವ, ಏನೂ ಅರಿಯದ ವರನನ್ನು ಹಿರಿಯರು ಎಬ್ಬಿಸುತ್ತಾರೆ. "ಏಳಪಾ, ತೋಟ ಸುತ್ತ ಹಾಕು. ನಮ್ಮ ಕಡೆ ಪದ್ಧತಿ ಐತಿ." ಎಲ್ಲರೂ ಅವನ ಹಿಂದೆ ಹೊರಡುತ್ತಾರೆ. ನಾವೂ ಹೊರಡುತ್ತೇವೆ, ಎಲ್ಲರಿಗಿಂತ ಹಿಂದೆ. ಆಗ ಪೂನಮ ನನ್ನ ಕಿರುಬೆರಳು ಹಿಡಿದು, ದಿನವೂ ಕೇಳುವ ಆ ಪ್ರಶ್ನೆ ಕೇಳುತ್ತಾಳೆ.

"ಮನಸ ಹೆಂಗೈತ್ರಿ, ವಕೀಲ್ರ?"

ಮಬ್ಬು ಕವಿದ ದಿನ ಮಬ್ಬು ಅನ್ನುತ್ತೇನೆ. ಮೊನ್ನೆ ಹಾಗಿರಲಿಲ್ಲ.

"ಅಡ್ಡಾಡಾಕತ್ತೈತಿ," ಅಂದೆ.